ಲಿಂಕಿನಲ್ಲಿ ನಿಮ್ಮ ಹೆಸರಿದ್ದರೆ ಅದು ನಿಮಗಾಗಿಯೇ ಬಂದದ್ದೇ? ಖಾಲಿ ಜಾಗ ತುಂಬುವ ಯಂತ್ರ ಎಲ್ಲಿ ಎಡವುತ್ತದೆ

ಹಬ್ಬ ಹತ್ತಿರ ಬಂದಾಗ ಈ ಸಂದೇಶ ನಿಮ್ಮ ಫೋನಿಗೂ ಬಂದಿರುತ್ತದೆ: "ಮಂಜಣ್ಣ ಅವರು ನಿಮಗೊಂದು ಸರ್‌ಪ್ರೈಸ್ ಕಳಿಸಿದ್ದಾರೆ. ಕೆಳಗಿನ ನೀಲಿ ಗೆರೆ ಒತ್ತಿ ನೋಡಿ." ಒತ್ತಿದರೆ ದೀಪ, ಪಟಾಕಿ, ಹೂವಿನ ಚಿತ್ರಗಳ ನಡುವೆ ಮಂಜಣ್ಣನ ಹೆಸರು ದೊಡ್ಡದಾಗಿ ಮಿನುಗುತ್ತದೆ. ಕೆಳಗೆ "ನಿಮ್ಮ ಹೆಸರು ಬರೆದು ಸ್ನೇಹಿತರಿಗೂ ಕಳಿಸಿ" ಎಂಬ ಒಂದು ಖಾಲಿ ಪೆಟ್ಟಿಗೆ ಇರುತ್ತದೆ.

ಇಂಥದ್ದು ಶಿರಾ ತಾಲ್ಲೂಕಿನ ಮದಲೂರಿನ ಒಂದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಬಂತು ಎಂದುಕೊಳ್ಳಿ. ಅಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ದೊಡ್ಡಪ್ಪ ಹೇಳುತ್ತಾರೆ: "ನಮ್ಮ ಮಂಜನ ಹೆಸರೇ ಇದೆಯಲ್ಲಪ್ಪ, ಅವನೇ ಕಳಿಸಿರೋದು, ಒತ್ತಿದ್ರೆ ಏನಾಗುತ್ತೆ?" ಕಾಲೇಜಿಗೆ ಹೋಗುವ ಹುಡುಗಿ ಹೇಳುತ್ತಾಳೆ: "ಬೇಡ ದೊಡ್ಡಪ್ಪ, ಹೆಸರು ಗೊತ್ತಾಗಿದೆ ಅಂದ್ರೆ ಮಂಜಣ್ಣನ ಫೋನ್ ಹ್ಯಾಕ್ ಆಗಿದೆ ಅಂತ ಅರ್ಥ." ಇನ್ನೊಬ್ಬರು ಲಿಂಕಿನಲ್ಲಿ ಶೇಕಡಾ ಚಿಹ್ನೆಗಳ ಸಾಲು ನೋಡಿ, "ಇದು ವೈರಸ್ ಕೋಡ್" ಎಂದು ಎಚ್ಚರಿಕೆ ಹಾಕುತ್ತಾರೆ.

ಮೂರು ಮಾತೂ ತಪ್ಪು. ಮೂರೂ ತಪ್ಪಾಗಲು ಕಾರಣ ಮಾತ್ರ ಒಂದೇ. ಆ ಕಾರಣ ಹಬ್ಬದ ಶುಭಾಶಯಕ್ಕೆ ಮಾತ್ರ ಸೇರಿದ್ದಲ್ಲ. ಬ್ಯಾಂಕಿನಿಂದ ಬರುವ ಎಸ್‌ಎಂಎಸ್, ಊರಿನವರು ಎಕ್ಸೆಲ್‌ನಲ್ಲಿ ಮಾಡುವ ಸರ್ವೆ ನಂಬರ್ ಪಟ್ಟಿ, 2021ರಲ್ಲಿ ಇಡೀ ಜಗತ್ತಿನ ಕಂಪ್ಯೂಟರ್‌ಗಳನ್ನು ನಡುಗಿಸಿದ ಒಂದು ದೋಷ, ಎಲ್ಲದರಲ್ಲೂ ಅದೇ ಇದೆ. ಅದನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಅಚ್ಚಿನ ಪತ್ರ ಮತ್ತು ಖಾಲಿ ಜಾಗ

ಹಳೆಯ ಅರ್ಜಿ ನಮೂನೆಗಳನ್ನು ನೆನಪಿಸಿಕೊಳ್ಳಿ. "ಶ್ರೀ ........ ಬಿನ್ ........, ವಾಸ ........ ಗ್ರಾಮ" ಎಂದು ಅಚ್ಚಾಗಿರುತ್ತದೆ. ಚುಕ್ಕಿ ಇದ್ದಲ್ಲಿ ಹೆಸರು, ತಂದೆಯ ಹೆಸರು, ಊರು ಬರೆದರೆ ಅರ್ಜಿ ಸಿದ್ಧ. ಕಂಪ್ಯೂಟರ್ ಭಾಷೆಯಲ್ಲಿ ಇಂಥ ಅಚ್ಚಿಗೆ ಟೆಂಪ್ಲೇಟ್ ಅಥವಾ ಪಠ್ಯ ಮ್ಯಾಕ್ರೊ ಎನ್ನುತ್ತಾರೆ. ಈ ಲೇಖನದಲ್ಲಿ ನಾವು ಅದನ್ನು "ನಮೂನೆ" ಎಂದೇ ಕರೆಯೋಣ. ಚುಕ್ಕಿಯ ಜಾಗಕ್ಕೆ ಬರುವುದು "ತುಂಬುವ ಪದ".

ಶುಭಾಶಯದ ಪುಟ ಮಾಡುವುದೂ ಇದನ್ನೇ. ಪುಟದಲ್ಲಿ "........ ಅವರಿಂದ ಶುಭಾಶಯ" ಎಂಬ ನಮೂನೆ ಇರುತ್ತದೆ. ತುಂಬುವ ಪದ ಲಿಂಕಿನ ಬಾಲದಲ್ಲೇ ಇರುತ್ತದೆ. ಲಿಂಕಿನ ಕೊನೆಯಲ್ಲಿ ಮಂಜಣ್ಣ ಎಂದಿದ್ದರೆ ಪುಟದಲ್ಲಿ ಮಂಜಣ್ಣ ಎಂದು ಬರುತ್ತದೆ. ಅಲ್ಲಿ ಯಾರು ಬೇಕಾದರೂ "ಪ್ರಧಾನಮಂತ್ರಿ" ಎಂದು ಬರೆದು ಕಳಿಸಿದರೆ, ಪುಟದಲ್ಲಿ ಪ್ರಧಾನಮಂತ್ರಿಯವರಿಂದ ಶುಭಾಶಯ ಎಂದೇ ಬರುತ್ತದೆ.

ಆದ್ದರಿಂದ ಹೆಸರು ಕಾಣಿಸಿದ್ದಕ್ಕೆ ಮಂಜಣ್ಣನೇ ಕಳಿಸಿದ ಎಂದಾಗಲಿ, ಮಂಜಣ್ಣನ ಫೋನ್ ಹ್ಯಾಕ್ ಆಗಿದೆ ಎಂದಾಗಲಿ ಹೇಳಲು ಬರುವುದಿಲ್ಲ. ಯಾರೋ ಖಾಲಿ ಜಾಗ ತುಂಬಿದ್ದಾರೆ, ಅಷ್ಟೇ.

"%ಇ0%ಬಿ2" ವೈರಸ್ ಅಲ್ಲ, ಅದು ನಮ್ಮ ಕನ್ನಡ

ಮೂರನೆಯ ಮಾತಿಗೆ ಬರೋಣ. ಲಿಂಕಿನಲ್ಲಿ ಕನ್ನಡ ಅಕ್ಷರ ಇದ್ದರೆ ಫಾರ್ವರ್ಡ್ ಆಗುವಾಗ ಅದು ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರಗಳ ಉದ್ದನೆಯ ಸಾಲಾಗಿ ಬದಲಾಗುವುದನ್ನು ನೀವು ನೋಡಿರಬಹುದು. ಲಿಂಕಿನಲ್ಲಿ ಕೆಲವು ಚಿಹ್ನೆಗಳಿಗೆ ವಿಶೇಷ ಕೆಲಸ ಇದೆ. ಪ್ರಶ್ನಾರ್ಥಕ ಚಿಹ್ನೆ ಬಂದರೆ "ಇಲ್ಲಿಂದ ತುಂಬುವ ಪದಗಳು ಶುರು" ಎಂದರ್ಥ. "&" ಬಂದರೆ "ಒಂದು ಪದ ಮುಗಿಯಿತು, ಇನ್ನೊಂದು ಶುರು" ಎಂದರ್ಥ. ತುಂಬುವ ಪದದೊಳಗೇ ಇಂಥ ಚಿಹ್ನೆ ಬಂದರೆ ಯಂತ್ರಕ್ಕೆ ಗೊಂದಲವಾಗುತ್ತದೆ. ಹಾಗಾಗಿ ಅಂಥ ಚಿಹ್ನೆಗಳಿಗೂ, ಇಂಗ್ಲಿಷ್ ಅಲ್ಲದ ಅಕ್ಷರಗಳಿಗೂ ಒಂದು ಮುಸುಕು ಹಾಕಿ ಕಳಿಸುತ್ತಾರೆ. ಆ ಮುಸುಕೇ ಶೇಕಡಾ ಚಿಹ್ನೆ.

"ಮದಲೂರು" ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಕಾಣುವುದು 4 ಅಕ್ಷರ. ಕಂಪ್ಯೂಟರಿಗೆ ಅದು 6 ಸಂಕೇತ: ಮ, ದ, ಲ, ದೀರ್ಘದ ಗುರುತು, ರ, ಕೊಂಬಿನ ಗುರುತು. ಒಂದೊಂದಕ್ಕೂ 3 ಬೈಟ್, ಒಟ್ಟು 18 ಬೈಟ್. ಲಿಂಕಿನಲ್ಲಿ ಒಂದೊಂದು ಬೈಟನ್ನು ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರಗಳಿಂದ ಬರೆಯುತ್ತಾರೆ. ಹಾಗಾಗಿ 4 ಅಕ್ಷರದ ನಮ್ಮ ಊರು ಲಿಂಕಿನಲ್ಲಿ 54 ಅಕ್ಷರ ಉದ್ದವಾಗುತ್ತದೆ. ನೋಡಲು ಭಯಂಕರ, ಆದರೆ ಅದು ವೈರಸ್ ಅಲ್ಲ. ಅದು "ಇದನ್ನು ಬರೀ ಹೆಸರೆಂದು ಓದು, ಆಜ್ಞೆ ಎಂದು ಓದಬೇಡ" ಎಂದು ಯಂತ್ರಕ್ಕೆ ಹೇಳುವ ಸುರಕ್ಷತೆಯ ಗುರುತು.

ಇಡೀ ವಿಷಯದ ತಿರುಳು ಇದೇ. ತುಂಬುವ ಪದ ಎಲ್ಲಿ ಶುರು, ಎಲ್ಲಿ ಕೊನೆ, ಅದನ್ನು ಬರೀ ಪದ ಎಂದು ನೋಡಬೇಕೋ ಆಜ್ಞೆ ಎಂದು ನೋಡಬೇಕೋ ಎಂದು ತಿಳಿಸುವ ಕೆಲಸಕ್ಕೆ ಉದ್ಧರಣೆ ಎನ್ನುತ್ತಾರೆ. ಶಾಲೆಯಲ್ಲಿ ಕಲಿತ ಉದ್ಧರಣ ಚಿಹ್ನೆ ಮಾಡುವ ಕೆಲಸವೂ ಅದೇ.

ಉದ್ಧರಣೆ ಇಲ್ಲದಿದ್ದರೆ ಏನಾಗುತ್ತದೆ?

ಮೊದಲು ಒಂದು ಸಣ್ಣ ಲೆಕ್ಕ. "ದರ × 2" ಎಂಬ ನಮೂನೆ ಇದೆ. ದರದ ಜಾಗದಲ್ಲಿ ಯಾರೋ "10+5" ಎಂದು ತುಂಬಿದರು. ನಾವು ಅಂದುಕೊಳ್ಳುವುದು 15ರ ಎರಡರಷ್ಟು, ಅಂದರೆ 30. ಆದರೆ ಯಂತ್ರ ಕಣ್ಣುಮುಚ್ಚಿ ಅಂಟಿಸಿದರೆ ಅದು "10+5 × 2" ಆಗುತ್ತದೆ. ಗುಣಾಕಾರ ಮೊದಲು ಮಾಡಬೇಕಲ್ಲ, ಉತ್ತರ 20. ಸಿ ಭಾಷೆಯಲ್ಲಿ ಮ್ಯಾಕ್ರೊ ಬರೆಯುವವರಿಗೆ "ತುಂಬುವ ಪದದ ಸುತ್ತ ಆವರಣ ಹಾಕು" ಎಂದು ಮೊದಲ ಪಾಠದಲ್ಲೇ ಹೇಳಿಕೊಡುವುದು ಇದಕ್ಕೇ.

ಇನ್ನೊಂದು, ನಮ್ಮ ಊರಿನ ಅಂಗಳದ್ದೇ ಉದಾಹರಣೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ರೈತರಿಗೆ ಸರ್ವೆ ನಂಬರ್ ಗೊತ್ತಿಲ್ಲದೆ ಇಲ್ಲ. ಜಮೀನು ಭಾಗವಾದಾಗ ಸರ್ವೆ ನಂಬರಿನ ಮುಂದೆ ಓರೆಗೆರೆ ಹಾಕಿ ಹಿಸ್ಸಾ ಬರೆಯುತ್ತಾರೆ: 5/2, 7/3, ಹೀಗೆ. ಸಂಘದವರೋ ಊರಿನ ಹುಡುಗರೋ ಬೆಳೆ ಪರಿಹಾರಕ್ಕೋ ವಿಮೆಗೋ ಒಂದು ಪಟ್ಟಿ ಮಾಡಲು ಎಕ್ಸೆಲ್ ತೆರೆದು 5/2 ಎಂದು ಒತ್ತಿದರೆ ಏನಾಗುತ್ತದೆ? ಭಾರತದ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ ಅದು "5 ಫೆಬ್ರವರಿ" ಆಗಿಬಿಡುತ್ತದೆ. ಅಮೆರಿಕದ ಸೆಟ್ಟಿಂಗ್ ಇದ್ದರೆ "ಮೇ 2". ಅಯ್ಯೋ ಎಂದು ಆ ಚೌಕವನ್ನು ಪಠ್ಯಕ್ಕೆ ಬದಲಿಸಿದರೆ 5/2 ವಾಪಸ್ ಬರುವುದಿಲ್ಲ. ಅದರ ಬದಲು ಒಂದು 5 ಅಂಕಿಯ ಸಂಖ್ಯೆ ಬರುತ್ತದೆ. 2025ರ ಫೆಬ್ರವರಿ 5 ಆಗಿದ್ದರೆ ಅದು 45693. ಎಕ್ಸೆಲ್ ದಿನಾಂಕಗಳನ್ನು ಒಳಗೆ ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುವುದರಿಂದ ಹೀಗಾಗುತ್ತದೆ.

ಪಹಣಿಯಲ್ಲಿ ನಂಬರ್ ಸರಿಯಾಗಿಯೇ ಇದೆ. ರೈತ ಹೇಳಿದ್ದೂ ಸರಿ, ಬರೆದುಕೊಂಡವರು ಒತ್ತಿದ್ದೂ ಸರಿ. ಆದರೂ ಪಟ್ಟಿಯಲ್ಲಿ ಜಮೀನು ಮಾಯ. ಯಂತ್ರ ತುಂಬಿದ ಪದವನ್ನು ಪದವಾಗಿ ಬಿಡದೆ, ತನಗೆ ತೋಚಿದಂತೆ ಓದಿಕೊಂಡದ್ದೇ ಕಾರಣ.

ಪರಿಹಾರ ಬಲು ಸುಲಭ. 5/2ರ ಮುಂದೆ ಒಂದೇ ಒಂದು ಒಂಟಿ ಉದ್ಧರಣ ಚಿಹ್ನೆ (') ಹಾಕಿ ಒತ್ತಿ. ಚೌಕದಲ್ಲಿ ಚಿಹ್ನೆ ಕಾಣುವುದಿಲ್ಲ, 5/2 ಮಾತ್ರ ಕಾಣುತ್ತದೆ, ಹಾಗೆಯೇ ಉಳಿಯುತ್ತದೆ. ಇಲ್ಲವೇ ಬರೆಯುವುದಕ್ಕೆ ಮೊದಲೇ ಆ ಕಾಲಂ ಅನ್ನು ಪಠ್ಯ ಎಂದು ಗುರುತಿಸಿ. ಖಾತೆ ಸಂಖ್ಯೆಗಳಿಗೂ ಇದೇ ಮಾಡಬೇಕು. ಸೊನ್ನೆಯಿಂದ ಶುರುವಾಗುವ ಸಂಖ್ಯೆಯ ಮೊದಲ ಸೊನ್ನೆಯನ್ನು ಎಕ್ಸೆಲ್ ನುಂಗುತ್ತದೆ. ಅದು 15 ಅಂಕಿಗಳವರೆಗೆ ಮಾತ್ರ ನಿಖರವಾಗಿ ಇಟ್ಟುಕೊಳ್ಳುವುದರಿಂದ 16 ಅಂಕಿಯ ಸಂಖ್ಯೆಯ ಕೊನೆಯ ಅಂಕಿಯನ್ನು ಸೊನ್ನೆ ಮಾಡುತ್ತದೆ.

ಹಳ್ಳಿಯವರಿಗೆ ಕಂಪ್ಯೂಟರ್ ಬರುವುದಿಲ್ಲ, ಅದಕ್ಕೇ ಹೀಗಾಗುತ್ತದೆ ಎಂದು ಯಾರಾದರೂ ಹೇಳಿದರೆ ಅವರಿಗೆ ವಿಜ್ಞಾನಿಗಳ ಕಥೆ ಹೇಳಿ. ಮನುಷ್ಯನ ಕೆಲವು ವಂಶವಾಹಿಗಳಿಗೆ ಸೆಪ್ಟ್1, ಮಾರ್ಚ್1 ಎಂಬಂಥ ಹೆಸರುಗಳಿದ್ದವು. ಎಕ್ಸೆಲ್ ಅವನ್ನು ಸೆಪ್ಟೆಂಬರ್ 1, ಮಾರ್ಚ್ 1 ಎಂದು ದಿನಾಂಕ ಮಾಡುತ್ತಿತ್ತು. ಪ್ರಕಟವಾದ ಸಂಶೋಧನಾ ಪಟ್ಟಿಗಳಲ್ಲೂ ಈ ತಪ್ಪು ಸೇರಿಕೊಂಡಿತು. ಕೊನೆಗೆ 2020ರ ಹೊತ್ತಿಗೆ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಹೆಸರುಗಳನ್ನೇ ಬದಲಿಸಿತು. ಸೆಪ್ಟ್1 ಈಗ ಸೆಪ್ಟಿನ್1. ಎಕ್ಸೆಲ್ ತಯಾರಿಸುವ ಮೈಕ್ರೊಸಾಫ್ಟ್ ಈ ತಾನಾಗಿ ಬದಲಿಸುವ ಅಭ್ಯಾಸವನ್ನು ನಿಲ್ಲಿಸುವ ಆಯ್ಕೆ ಕೊಟ್ಟದ್ದು 2023ರಲ್ಲಿ. ಯಂತ್ರ ಸರಿಹೋಗುವುದಕ್ಕೆ ಮೊದಲೇ ವಿಜ್ಞಾನ ತನ್ನ ಹೆಸರು ಬದಲಿಸಿಕೊಂಡಿತು. ನಮ್ಮ ಸರ್ವೆ ನಂಬರನ್ನು ಹಾಗೆ ಬದಲಿಸಲು ಆಗುತ್ತದೆಯೇ?

ಕನ್ನಡದ್ದೇ ಒಂದು ತೊಡಕು, ಕನ್ನಡದ್ದೇ ಒಂದು ಉಪಾಯ

ಇಂಗ್ಲಿಷಿನಲ್ಲಿ ಖಾಲಿ ಜಾಗಕ್ಕೆ ಯಾವ ಊರಿನ ಹೆಸರು ತುಂಬಿದರೂ ಅಕ್ಕಪಕ್ಕದ ಪದ ಬದಲಾಗುವುದಿಲ್ಲ. ಕನ್ನಡ ಹಾಗಲ್ಲ. "........ಗೆ ಬಸ್ ಹೊರಟಿದೆ" ಎಂಬ ನಮೂನೆ ಮಾಡಿದಿರಿ ಎನ್ನಿ. ಮಧುಗಿರಿ ತುಂಬಿದರೆ "ಮಧುಗಿರಿಗೆ", ಸರಿ. ಕೊರಟಗೆರೆ ತುಂಬಿದರೆ "ಕೊರಟಗೆರೆಗೆ", ಅದೂ ಸರಿ. ಪಾವಗಡ ತುಂಬಿದರೆ "ಪಾವಗಡಗೆ" ಆಗುತ್ತದೆ. ನಾವು ಹೇಳುವುದು "ಪಾವಗಡಕ್ಕೆ". ಮದಲೂರು ತುಂಬಿದರೆ "ಮದಲೂರುಗೆ". ನಾವು ಹೇಳುವುದು "ಮದಲೂರಿಗೆ". ಶಿರಾ ವಿಷಯದಲ್ಲಂತೂ "ಶಿರಾಕ್ಕೆ" ಎನ್ನುವವರೂ ಇದ್ದಾರೆ, "ಶಿರಾಗೆ" ಎನ್ನುವವರೂ ಇದ್ದಾರೆ.

ಆ್ಯಪ್‌ಗಳ ಕನ್ನಡ ಓದಿದಾಗ ಏನೋ ಕಲ್ಲು ಸಿಕ್ಕಂತಾಗುವುದು ಇದಕ್ಕೇ. ಅನುವಾದ ಮಾಡಿದವರಿಗೆ ಕನ್ನಡ ಬರುವುದಿಲ್ಲ ಎಂದು ನಾವು ಬೈದುಕೊಳ್ಳುತ್ತೇವೆ. ಎಷ್ಟೋ ಸಲ ತಪ್ಪು ಅವರದಲ್ಲ. ಖಾಲಿ ಜಾಗಕ್ಕೆ ಯಾವ ಪದ ಬರುತ್ತದೆಂದು ಗೊತ್ತಿಲ್ಲದೆ ವಿಭಕ್ತಿ ಅಂಟಿಸಬೇಕಾದ ಕಷ್ಟ ಅದು.

ಕಚೇರಿಯ ಕನ್ನಡ ಇದಕ್ಕೆ ಎಂದೋ ಉಪಾಯ ಕಂಡುಕೊಂಡಿದೆ. "ಶ್ರೀ ........ ರವರಿಗೆ" ಎನ್ನುವುದನ್ನು ನೋಡಿ. ವ್ಯಾಕರಣ ಬಲ್ಲವರು "ರವರು" ತಪ್ಪು, "ಅವರು" ಸರಿ ಎನ್ನುತ್ತಾರೆ. ಆದರೆ ಯಾವ ಹೆಸರು ತುಂಬಿದರೂ ಹೆಸರು ಮುರಿಯದೆ ನಿಲ್ಲಲಿ ಎಂದೇ ಇಂಥ ಪದ ನಮೂನೆಗಳಲ್ಲಿ ಉಳಿದುಕೊಂಡಿದೆ. ಇನ್ನೂ ಒಳ್ಳೆಯ ಉಪಾಯ "ಎಂಬ". "ಮದಲೂರು ಎಂಬ ಗ್ರಾಮಕ್ಕೆ", "ಪಾವಗಡ ಎಂಬ ಊರಿಗೆ". ಹೆಸರಿಗೆ ಏನೂ ಅಂಟುವುದಿಲ್ಲ, ವಿಭಕ್ತಿಯೆಲ್ಲ ಮುಂದಿನ ಪದಕ್ಕೆ ಹೋಗುತ್ತದೆ. ಎಂಬ, ಎಂದು, ಅಂತ: ಇವು ಕನ್ನಡದ್ದೇ ಆದ ಉದ್ಧರಣ ಚಿಹ್ನೆಗಳು. ಕಾಗದದ ಮೇಲೆ ಚಿಹ್ನೆ ಬೇಕು, ಬಾಯಿಮಾತಿನಲ್ಲಿ "ಅಂತ" ಸಾಕು.

ಒಂದು ಕೊರತೆ ಮಾತ್ರ ಇದೆ. "ಎಂದು" ಮಾತು ಎಲ್ಲಿ ಮುಗಿಯಿತೆಂದು ಹೇಳುತ್ತದೆ, ಎಲ್ಲಿ ಶುರುವಾಯಿತೆಂದು ಹೇಳುವುದಿಲ್ಲ. "ನಿನ್ನೆ ನೀರು ಬಿಟ್ಟರು ಎಂದು ಹೇಳಿದ" ಎಂದರೆ ನಿನ್ನೆ ಹೇಳಿದನೋ, ನಿನ್ನೆ ನೀರು ಬಿಟ್ಟರೋ? ಓದುವವರೇ ಊಹಿಸಬೇಕು. ಮನುಷ್ಯರು ಸಂದರ್ಭ ನೋಡಿ ಊಹಿಸುತ್ತಾರೆ, ಯಂತ್ರಕ್ಕೆ ಆ ಕಲೆ ಇಲ್ಲ. ಅದಕ್ಕೇ ಕಂಪ್ಯೂಟರಿನ ನಮೂನೆಗಳಲ್ಲಿ ತೆರೆಯುವ ಚಿಹ್ನೆ ಬೇರೆ, ಮುಚ್ಚುವ ಚಿಹ್ನೆ ಬೇರೆ ಇರುವುದು ಒಳ್ಳೆಯದು. ಬ್ರಿಟನ್ನಿನ ಗಣಕ ವಿಜ್ಞಾನಿ ಕ್ರಿಸ್ಟೋಫರ್ ಸ್ಟ್ರೇಚಿ 1965ರಲ್ಲಿ ಪ್ರಕಟಿಸಿದ ಮ್ಯಾಕ್ರೊ ವ್ಯವಸ್ಥೆಯಲ್ಲೂ, 1977ರಲ್ಲಿ ಬ್ರಯಾನ್ ಕರ್ನಿಘನ್ ಮತ್ತು ಡೆನಿಸ್ ರಿಚಿ ಮಾಡಿದ ಎಂ4 ಎಂಬ ವ್ಯವಸ್ಥೆಯಲ್ಲೂ ಹಾಗೆಯೇ ಇತ್ತು. ಬಾಗಿಲು ತೆರೆದದ್ದು ಯಾವುದು, ಮುಚ್ಚಿದ್ದು ಯಾವುದು ಎಂದು ಗೊತ್ತಿದ್ದರೆ, ಒಂದು ಉದ್ಧರಣೆಯ ಒಳಗೆ ಇನ್ನೊಂದು ಉದ್ಧರಣೆ ಇಟ್ಟರೂ ಗೊಂದಲವಾಗುವುದಿಲ್ಲ.

ಹೆಸರೇ ಆಜ್ಞೆಯಾದಾಗ

ಇಲ್ಲಿಯವರೆಗಿನದು ತಪ್ಪು ಲೆಕ್ಕ, ತಪ್ಪು ಪಟ್ಟಿ. ಇನ್ನು ಅಪಾಯಕ್ಕೆ ಬರೋಣ.

2021ರ ಜೂನ್‌ನಲ್ಲಿ ಐಫೋನ್‌ಗಳಲ್ಲಿ ಒಂದು ವಿಚಿತ್ರ ದೋಷ ಪತ್ತೆಯಾಯಿತು. ಶೇಕಡಾ ಚಿಹ್ನೆ ಮತ್ತು ಕೆಲವು ಅಕ್ಷರಗಳನ್ನು ಒಂದು ಕ್ರಮದಲ್ಲಿ ಸೇರಿಸಿ ವೈಫೈಗೆ ಹೆಸರಿಟ್ಟರೆ, ಅದಕ್ಕೆ ಸೇರಲು ಹೋದ ಐಫೋನಿನ ವೈಫೈ ಕೆಲಸ ಮಾಡುವುದನ್ನೇ ನಿಲ್ಲಿಸುತ್ತಿತ್ತು. ಕಾರಣ? ಫೋನಿನ ಒಳಗಿನ ಪ್ರೋಗ್ರಾಂ ವೈಫೈ ಹೆಸರನ್ನು ತುಂಬುವ ಪದವಾಗಿ ನೋಡದೆ, ಹೆಸರನ್ನೇ ನಮೂನೆ ಎಂದು ಓದುತ್ತಿತ್ತು. ಆ ಹೆಸರಿನಲ್ಲಿದ್ದ ಶೇಕಡಾ ಚಿಹ್ನೆಗಳು ಅದಕ್ಕೆ "ಇಲ್ಲಿ ಏನೋ ತುಂಬು" ಎಂಬ ಆಜ್ಞೆಗಳಂತೆ ಕಂಡವು. ಮುಂದಿನ ಅಪ್‌ಡೇಟ್‌ನಲ್ಲಿ ಆ್ಯಪಲ್ ಅದನ್ನು ಸರಿಪಡಿಸಿತು.

ಅದೇ ವರ್ಷ ಡಿಸೆಂಬರ್‌ನಲ್ಲಿ ಇದರ ದೊಡ್ಡಣ್ಣ ಬಂತು. ಲಾಗ್4ಜೆ ಎಂಬುದು ಲೆಕ್ಕವಿಲ್ಲದಷ್ಟು ಸರ್ವರ್‌ಗಳಲ್ಲಿ ಬಳಸುವ ಒಂದು ಉಚಿತ ಪ್ರೋಗ್ರಾಂ. ಅದರ ಕೆಲಸ ದಿನಚರಿ ಬರೆಯುವುದು: ಯಾರು ಬಂದರು, ಏನು ಟೈಪ್ ಮಾಡಿದರು ಎಂದು ದಾಖಲಿಸುವುದು. ಆದರೆ ಅದಕ್ಕೆ ಒಂದು ಕೆಟ್ಟ ಅಭ್ಯಾಸವಿತ್ತು. ದಾಖಲಿಸಬೇಕಾದ ಮಾತಿನೊಳಗೆ ಒಂದು ಬಗೆಯ ಆವರಣ ಕಂಡರೆ, ಅದನ್ನು ಹಾಗೆಯೇ ಬರೆದುಕೊಳ್ಳದೆ, ಅದೊಂದು ನಮೂನೆ ಎಂದು ತಿಳಿದು ತುಂಬಲು ಹೋಗುತ್ತಿತ್ತು. ಅದರೊಳಗೆ ಹೊರಗಿನ ಕಂಪ್ಯೂಟರಿನ ವಿಳಾಸ ಬರೆದರೆ, ಅಲ್ಲಿಂದ ಪ್ರೋಗ್ರಾಂ ತಂದು ಓಡಿಸಿಯೂ ಬಿಡುತ್ತಿತ್ತು. ಮೈನ್‌ಕ್ರಾಫ್ಟ್ ಆಟದ ಚಾಟ್‌ನಲ್ಲಿ ಒಂದು ಸಾಲು ಬರೆದು ಸರ್ವರನ್ನೇ ವಶಕ್ಕೆ ತೆಗೆದುಕೊಳ್ಳಬಹುದಿತ್ತು. ಲಾಗ್4ಶೆಲ್ ಎಂದು ಹೆಸರಾದ ಈ ದೋಷಕ್ಕೆ ತಜ್ಞರು ಅಪಾಯದ ಅಳತೆಯಲ್ಲಿ 10ಕ್ಕೆ 10 ಕೊಟ್ಟರು.

ಊರಿನ ಮಾತಿನಲ್ಲಿ ಹೇಳುವುದಾದರೆ, ಪಂಚಾಯಿತಿ ಗುಮಾಸ್ತರು ಅರ್ಜಿಯಲ್ಲಿದ್ದ ಹೆಸರನ್ನು ರಿಜಿಸ್ಟರಿಗೆ ಬರೆದುಕೊಳ್ಳಬೇಕು. ಯಾರೋ ಕಿಡಿಗೇಡಿ ಹೆಸರಿನ ಜಾಗದಲ್ಲಿ "ಬೀರುವಿನ ಕೀಲಿ ಕೊಡಿ" ಎಂದು ಬರೆದಿದ್ದಾನೆ. ಗುಮಾಸ್ತರು ಅದನ್ನು ಓದಿ, ಎದ್ದು ಹೋಗಿ, ಕೀಲಿ ಕೊಟ್ಟುಬಿಟ್ಟರು! ಯಾವ ಗುಮಾಸ್ತರೂ ಹಾಗೆ ಮಾಡುವುದಿಲ್ಲ. ಉದ್ಧರಣೆ ಸರಿಯಿಲ್ಲದ ಯಂತ್ರ ಮಾತ್ರ ಮಾಡುತ್ತದೆ.

ನಿಮ್ಮ ಎಸ್‌ಎಂಎಸ್‌ನ ಖಾಲಿ ಜಾಗ

ಭಾರತದಲ್ಲಿ ಕಂಪನಿಗಳು, ಬ್ಯಾಂಕುಗಳು ಒಟ್ಟಿಗೆ ಸಾವಿರಾರು ಜನರಿಗೆ ಕಳಿಸುವ ಎಸ್‌ಎಂಎಸ್ ಕೂಡ ನಮೂನೆಯೇ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2018ರಲ್ಲಿ ತಂದ ನಿಯಮದ ಪ್ರಕಾರ ಕಳಿಸುವವರ ಹೆಸರನ್ನೂ ಸಂದೇಶದ ನಮೂನೆಯನ್ನೂ ಮೊದಲೇ ನೋಂದಾಯಿಸಬೇಕು. ಹೆಸರು, ಮೊತ್ತ, ದಿನಾಂಕ ಬರುವ ಕಡೆ ಖಾಲಿ ಜಾಗ ಬಿಟ್ಟಿರುತ್ತಾರೆ.

ಮೋಸಗಾರರಿಗೆ ಬೇಕಾದದ್ದು ಆ ಖಾಲಿ ಜಾಗವೇ. ಒಪ್ಪಿಗೆ ಪಡೆದ ನಮೂನೆಯಲ್ಲಿ ಹೆಸರು ಬರಬೇಕಾದ ಕಡೆ ಒಂದು ಲಿಂಕನ್ನೋ ಫೋನ್ ನಂಬರನ್ನೋ ತುರುಕಿದರೆ, ಸಂದೇಶ ಜರಡಿ ದಾಟಿ ಬಂದುಬಿಡುತ್ತದೆ. ಅದಕ್ಕಾಗಿಯೇ ಟ್ರಾಯ್ 2023ರಲ್ಲಿ, ಖಾಲಿ ಜಾಗಗಳ ಸಂಖ್ಯೆಗೆ ಕಡಿವಾಣ ಹಾಕಿ, ಯಾವ ಜಾಗ ಯಾವುದಕ್ಕೆ ಎಂದು ಮೊದಲೇ ಗುರುತಿಸಬೇಕೆಂದು ಟೆಲಿಕಾಂ ಕಂಪನಿಗಳಿಗೆ ನಿರ್ದೇಶನ ಕೊಟ್ಟಿತು. 2024ರ ಅಕ್ಟೋಬರ್‌ನಿಂದ, ಮೊದಲೇ ನೋಂದಾಯಿಸದ ಲಿಂಕ್ ಇರುವ ಇಂಥ ಎಸ್‌ಎಂಎಸ್‌ಗಳನ್ನು ತಡೆಯಬೇಕೆಂಬ ನಿಯಮ ಜಾರಿಗೆ ಬಂತು. ದುಡ್ಡಿನ ಜಾಗದಲ್ಲಿ ದುಡ್ಡೇ ಬರಬೇಕು, ಲಿಂಕ್ ಬರಬಾರದು ಎಂಬ ಸರಳ ತತ್ವ ಇದು.

ಈ ನಿಯಮಗಳೆಲ್ಲ ಕಂಪನಿಗಳ ಎಸ್‌ಎಂಎಸ್‌ಗೆ. ವಾಟ್ಸ್‌ಆ್ಯಪ್‌ನಲ್ಲಿ ಗೆಳೆಯರು ಕಳಿಸುವ ಫಾರ್ವರ್ಡ್‌ಗೆ ಯಾವ ಜರಡಿಯೂ ಇಲ್ಲ. ಅಲ್ಲಿ ಜರಡಿ ಹಿಡಿಯಬೇಕಾದವರು ನಾವೇ.

ಹಾಗಾದರೆ ನಿಯಮ ಹೇಗಿರಬೇಕು?

ನಮೂನೆಗಳನ್ನು ಮಾಡುವವರು ತುಂಬುವ ಪದವನ್ನು ಹೇಗೆ ನೋಡಿಕೊಳ್ಳಬೇಕು ಎಂಬುದರ ಬಗ್ಗೆ ಇಷ್ಟು ವರ್ಷಗಳ ಪೆಟ್ಟು ಕಲಿಸಿದ ಪಾಠವನ್ನು ನಾಲ್ಕು ಮಾತಿನಲ್ಲಿ ಹೇಳಬಹುದು.

ಒಂದು, ತುಂಬಿದ ಪದ ಪದವಾಗಿಯೇ ಇರಬೇಕು. ಅದರೊಳಗೆ ಏನೇ ಬರೆದಿದ್ದರೂ ಯಂತ್ರ ಅದನ್ನು ಮತ್ತೆ ನಮೂನೆ ಎಂದು ಓದಬಾರದು. ನಮೂನೆಯೊಳಗೆ ನಮೂನೆ ಬೇಕಾಗುವ ಸಂದರ್ಭಗಳೂ ಇವೆ, ನಿಜ. ಒಂದು ಪತ್ರದೊಳಗೆ ವಿಳಾಸದ ನಮೂನೆ ಬರಬಹುದು. ಅಂಥ ಕಡೆ ನಮೂನೆ ಬರೆದವರು ಬಾಯಿಬಿಟ್ಟು ಕೇಳಬೇಕು, ಯಂತ್ರ ತಾನಾಗಿ ಮಾಡಬಾರದು. ಕೇಳಿದರೆ ಮಾತ್ರ ಬಾಗಿಲು ತೆರೆ, ಕೇಳದಿದ್ದರೆ ಮುಚ್ಚಿರಲಿ.

ಎರಡು, ಎಲ್ಲಿಗೆ ಹೋಗುತ್ತದೋ ಅಲ್ಲಿನ ಮುಸುಕು ಹಾಕಬೇಕು. ಲಿಂಕಿಗೆ ಹೋಗುವಾಗ ಶೇಕಡಾ ಚಿಹ್ನೆ, ಅಲ್ಪವಿರಾಮದಿಂದ ಕಾಲಂ ಬೇರೆ ಮಾಡುವ ಪಟ್ಟಿಗೆ ಹೋಗುವಾಗ ಜೋಡಿ ಉದ್ಧರಣ ಚಿಹ್ನೆ. "ರಂಗಪ್ಪ, ಮದಲೂರು" ಎಂದು ಬರೆದ ಹೆಸರು ಉದ್ಧರಣ ಚಿಹ್ನೆ ಇಲ್ಲದೆ ಅಂಥ ಪಟ್ಟಿಗೆ ಹೋದರೆ ಎರಡು ಕಾಲಂ ಆಗಿ, ಮುಂದಿನದೆಲ್ಲ ಒಂದು ಮನೆ ಸರಿದುಬಿಡುತ್ತದೆ.

ಮೂರು, ಮುಸುಕು ಒಂದೇ ಸಲ ಹಾಕಬೇಕು. ಎರಡು ಸಲ ಹಾಕಿದರೆ ಏನಾಗುತ್ತದೆ ಎಂಬುದನ್ನು ನೀವು ನೋಡಿದ್ದೀರಿ. ಅಂಗಡಿ ಹೆಸರಿನ ನಡುವೆ ಬರೀ "&" ಇರಬೇಕಾದಲ್ಲಿ "&ಎಎಂಪಿ;" ಎಂಬಂಥ ವಿಚಿತ್ರ ಅಕ್ಷರಗಳು ಇಂಗ್ಲಿಷಿನಲ್ಲಿ ಕಾಣಿಸಿಕೊಳ್ಳುತ್ತವಲ್ಲ, ಅದು ಮುಸುಕಿನ ಮೇಲೆ ಮುಸುಕು. ಅದೂ ವೈರಸ್ ಅಲ್ಲ, ಬರೀ ಅಜಾಗರೂಕತೆ.

ನಾಲ್ಕು, ಯಾವ ಜಾಗಕ್ಕೆ ಏನು ಬರಬೇಕು ಎಂಬುದು ಮೊದಲೇ ನಿಗದಿಯಾಗಿರಬೇಕು. ಹೆಸರಿನ ಜಾಗಕ್ಕೆ ಹೆಸರು, ಮೊತ್ತದ ಜಾಗಕ್ಕೆ ಅಂಕಿ, ಸರ್ವೆ ನಂಬರಿನ ಜಾಗಕ್ಕೆ ಸರ್ವೆ ನಂಬರ್. ಯಂತ್ರ ಊಹೆ ಮಾಡಬಾರದು.

ಫಾರ್ವರ್ಡ್‌ನಲ್ಲಿ ಬಿದ್ದುಹೋಗುವ "ಎಂದು"

ಯಂತ್ರದ ಬಗ್ಗೆ ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಬಗ್ಗೆಯೂ ಒಂದು ಮಾತು. ಉದ್ಧರಣೆ ಕಳೆದುಹೋಗುವುದು ಕಂಪ್ಯೂಟರಿನಲ್ಲಿ ಮಾತ್ರವಲ್ಲ.

ಮದಲೂರು ಎಂದರೆ ಬಹಳ ಜನರಿಗೆ ನೆನಪಾಗುವುದು ಅಲ್ಲಿನ ಕೆರೆ. 2020ರ ಶಿರಾ ಉಪಚುನಾವಣೆಯ ಹೊತ್ತಿನಲ್ಲಿ ಆ ಕೆರೆಗೆ ಹೇಮಾವತಿ ನೀರು ತುಂಬಿಸುವ ಭರವಸೆ ರಾಜ್ಯವಿಡೀ ಸುದ್ದಿಯಾಯಿತು. ಈಗ ಯೋಚಿಸಿ. "ಮದಲೂರು ಕೆರೆಗೆ ನೀರು ಬರುತ್ತದೆ ಎಂದು ನಾಯಕರೊಬ್ಬರು ಹೇಳಿದರು." ಇದು ಒಂದು ಸುದ್ದಿ. ಅದನ್ನು ಒಬ್ಬರು ಚಿಕ್ಕದು ಮಾಡಿ "ಮದಲೂರು ಕೆರೆಗೆ ನೀರು ಬರುತ್ತದಂತೆ" ಎಂದು ಕಳಿಸುತ್ತಾರೆ. ಹೇಳಿದವರು ಯಾರೆಂಬುದು ಹೋಯಿತು, "ಅಂತೆ" ಉಳಿಯಿತು. ಮುಂದಿನವರು "ಮದಲೂರು ಕೆರೆಗೆ ನೀರು ಬರುತ್ತದೆ" ಎನ್ನುತ್ತಾರೆ. "ಅಂತೆ"ಯೂ ಹೋಯಿತು. ಅದರ ಮುಂದಿನವರು ಯಾವುದೋ ಬೇರೆ ಕೆರೆಯ ಫೋಟೊ ಸೇರಿಸಿ "ಮದಲೂರು ಕೆರೆಗೆ ನೀರು ಬಂತು" ಎನ್ನುತ್ತಾರೆ. ಯಾರೂ ಸುಳ್ಳು ಹೇಳಬೇಕೆಂದು ಹೊರಟವರಲ್ಲ. ಒಬ್ಬೊಬ್ಬರೂ ಒಂದೊಂದು ಉದ್ಧರಣೆಯನ್ನು ಕಳಚಿದರು, ಅಷ್ಟೇ. ಆದರೆ ಆ ಮಾತು ನಂಬಿ ಭತ್ತಕ್ಕೋ ಅಡಿಕೆಗೋ ಸಾಲ ಮಾಡಿದ ರೈತನಿಗೆ ಆಗುವ ನಷ್ಟ ಮಾತ್ರ ನಿಜವಾದದ್ದು.

ನಮ್ಮ ಹಿರಿಯರ ಬಾಯಲ್ಲಿ "ಅಂತೆ" ಸುಮ್ಮನೆ ಬರುತ್ತಿರಲಿಲ್ಲ. "ಇದು ನಾನು ಕಂಡದ್ದಲ್ಲ, ಕೇಳಿದ್ದು" ಎಂಬ ಎಚ್ಚರಿಕೆ ಅದರಲ್ಲಿತ್ತು. ಫಾರ್ವರ್ಡ್ ಬಟನ್ನಿಗೆ ಆ ವ್ಯಾಕರಣ ಇಲ್ಲ.

ಮುಂದಿನ ಸಲ ಸಂದೇಶ ಬಂದಾಗ

ಸಂದೇಶದಲ್ಲಿ ನಿಮ್ಮ ಹೆಸರೋ ಪರಿಚಯದವರ ಹೆಸರೋ ಇದ್ದ ಮಾತ್ರಕ್ಕೆ ನಂಬಬೇಡಿ. ಹೆಸರು ತುಂಬಿದ ಪದ, ಸಹಿ ಅಲ್ಲ. ಅನುಮಾನ ಇದ್ದರೆ ಮಂಜಣ್ಣನಿಗೇ ಒಂದು ಫೋನ್ ಮಾಡಿ ಕೇಳಿ.

ಅದೇ ರೀತಿ, ಹೆಸರು ಕಾಣಿಸಿದೆ ಎಂಬ ಒಂದೇ ಕಾರಣಕ್ಕೆ ಫೋನ್ ಹ್ಯಾಕ್ ಆಗಿದೆ ಎಂದು ಹೆದರಬೇಡಿ, ಹೆದರಿಸಲೂ ಬೇಡಿ. ಲಿಂಕಿನಲ್ಲಿ ಶೇಕಡಾ ಚಿಹ್ನೆಗಳಿದ್ದರೆ ಅದು ಅಪಾಯದ ಗುರುತಲ್ಲ. ಅವು ಇಲ್ಲದಿದ್ದರೆ ಸುರಕ್ಷಿತ ಎಂದೂ ಅಲ್ಲ. ನೋಡಬೇಕಾದದ್ದು ಲಿಂಕಿನ ಬಾಲವನ್ನಲ್ಲ, ತಲೆಯನ್ನು: ಮೊದಲ ಒಂಟಿ ಓರೆಗೆರೆಗೆ ಮುಂಚೆ ಇರುವ ಜಾಲತಾಣದ ಹೆಸರು ಯಾರದ್ದು?

ಪುಟ ತೆರೆದ ಮೇಲೆ ಅದು ಆ್ಯಪ್ ಹಾಕಿಕೊಳ್ಳಿ, ಒಟಿಪಿ ಹೇಳಿ, ಆಧಾರ್ ನಂಬರ್ ಕೊಡಿ, ಹತ್ತು ಜನಕ್ಕೆ ಕಳಿಸಿ ಎಂದರೆ ಅಲ್ಲಿಗೇ ಮುಚ್ಚಿಬಿಡಿ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದೇ ಅರ್ಥ. ಹಣ ಹೋಗಿಯೇ ಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಡದ ಜಾಹೀರಾತು ಎಸ್‌ಎಂಎಸ್ ಬಗ್ಗೆ 1909ಕ್ಕೆ ದೂರು ಕೊಡಬಹುದು.

ಸಂಘದ, ಊರಿನ ಪಟ್ಟಿ ಮಾಡುವವರು ನೀವಾಗಿದ್ದರೆ, ಸರ್ವೆ ನಂಬರ್ ಮತ್ತು ಖಾತೆ ಸಂಖ್ಯೆಯ ಮುಂದೆ ಆ ಒಂಟಿ ಚಿಹ್ನೆ ಮರೆಯಬೇಡಿ. ಪಟ್ಟಿ ಕಳಿಸುವ ಮುಂಚೆ ಪಹಣಿ ಪಕ್ಕದಲ್ಲಿಟ್ಟುಕೊಂಡು ಒಮ್ಮೆ ಓದಿ. ಫೆಬ್ರವರಿ, ಮಾರ್ಚ್ ಎಂದೇನಾದರೂ ಕಂಡರೆ ಯಾರದೋ ಜಮೀನು ದಿನಾಂಕವಾಗಿದೆ ಎಂದರ್ಥ.

ಇನ್ನು ಏನನ್ನಾದರೂ ಫಾರ್ವರ್ಡ್ ಮಾಡುವಾಗ, ಹೇಳಿದವರು ಯಾರು, ಯಾವಾಗ ಎಂಬುದನ್ನು ಕತ್ತರಿಸಬೇಡಿ. ಅದು ಗೊತ್ತಿಲ್ಲದಿದ್ದರೆ ಕೊನೆಗೊಂದು "ಅಂತೆ" ಆದರೂ ಸೇರಿಸಿ.